ತಪ್ಪಿಲ್ಲದಿದ್ದರೆ ತಡವೇಕೆ?

ಇಸ್ಲಾಮೀ ಶರೀಅತ್ತಿನಲ್ಲಿ ಪ್ರಯಾಣಿಕನಿಗೆ ವಿಶೇಷ ಸ್ಥಾನವಿದೆ. ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿಕೊಳ್ಳಲು ಅವನಿಗೆ ಅನುಮತಿಯಿದೆ. ರಮಝಾನಿನ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ವಿನಾಯಿತಿಯಿದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬ. ತನ್ನ ಊರಿನಲ್ಲಿ ಅವನು ಸಿರಿವಂತನೇ ಆಗಿದ್ದರೂ ದಾರಿಯಲ್ಲಿ ಕೈ ಬರಿದಾದರೆ ಅವನಿಗೆ ಅದರಲ್ಲಿ ಪಾಲಿದೆ. ಪ್ರಯಾಣವು ಮನುಷ್ಯನ ಊಟ, ನಿದ್ದೆಗಳನ್ನು ಕಸಿದುಕೊಳ್ಳುವ ಕಷ್ಟವೆಂಬುದನ್ನು ಪ್ರವಾದಿ ಮುಹಮ್ಮದ್(ಸ) ಚೆನ್ನಾಗಿ ಬಲ್ಲವರಾಗಿದ್ದರು. ಹೋದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕೆಂದು ಅವರು ತಮ್ಮ ಅನುಯಾಯಿಗಳಿಗೆ ಕಲಿಸಿದರು. ಪ್ರಯಾಣಿಕನ ಹಿಂದೆ ಅವನಿಗಾಗಿ ಕಾಯುವ ಒಂದು ಮನೆಯಿದೆ ಎಂಬ ಅರಿವು ಈ ಬೋಧನೆಯಲ್ಲಿದೆ.

ನಮ್ಮ ಕಾಲದ ಪ್ರಯಾಣಿಕನನ್ನು ನೋಡುವಾಗ ಈ ಅರಿವು ಎಲ್ಲಿಗೆ ಹೋಯಿತೆಂದು ಕೇಳಬೇಕೆನಿಸುತ್ತದೆ. ಇಂದು ಒಬ್ಬ ವ್ಯಕ್ತಿ ಗಡಿ ದಾಟಬೇಕಾದರೆ ಅವನ ಹೆಸರು, ಬೆರಳಚ್ಚು, ಹಳೆಯ ವಿಳಾಸಗಳು, ಬಂಧುಗಳ ವಿವರಗಳು ಇವೆಲ್ಲವೂ ಅವನಿಗಿಂತ ಮೊದಲೇ ಗಡಿ ದಾಟಿ ಪರೀಕ್ಷೆಗೆ ಒಳಗಾಗುತ್ತವೆ. ಇದನ್ನು ಭದ್ರತಾ ತಪಾಸಣೆ ಎನ್ನುತ್ತಾರೆ. ತಪಾಸಣೆ ನಡೆಯುವುದು ಒಬ್ಬನ ಮೇಲೆ; ಅದರ ಭಾರವನ್ನು ಹೊರುವುದು ಒಂದಿಡೀ ಕುಟುಂಬ. ಈ ಭಾರದ ಬಗ್ಗೆ ನಮ್ಮ ವೇದಿಕೆಗಳಲ್ಲಿ ಮಾತು ಕಡಿಮೆ. ಆದ್ದರಿಂದಲೇ ಈ ಬರಹ.

ಮದ್ರಸದಲ್ಲಿ ಪಾಠ ಹೇಳುವ ನಮ್ಮಲ್ಲಿಗೆ ಊರಿನವರು ಓದಿಸಿಕೊಳ್ಳಲು ಕಾಗದಗಳನ್ನು ತರುವುದುಂಟು. ಒಮ್ಮೆ ಅಸರ್ ನಮಾಝಿನ ಬಳಿಕ ವಯಸ್ಸಾದ ಓರ್ವ ತಾಯಿ ಒಂದು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡು ಬಂದರು. ಅವರ ಮಗ ಪಾಶ್ಚಾತ್ಯ ದೇಶವೊಂದರಲ್ಲಿ ಇಂಜಿನಿಯರ್. ಊರಿಗೆ ಬಂದು ನಿಕಾಹ್ ಮಾಡಿಕೊಂಡು ಮರಳಿದ್ದ. ಸೊಸೆ ವೀಸಾ ಸಂದರ್ಶನಕ್ಕೆ ಹೋದಾಗ ಈ ಹಾಳೆಯನ್ನು ಕೊಟ್ಟು ಕಳುಹಿಸಿದ್ದರು. ಅರ್ಜಿಯನ್ನು ಒಪ್ಪಿದ್ದೇವೆ ಎಂದಾಗಲಿ ತಳ್ಳಿಹಾಕಿದ್ದೇವೆ ಎಂದಾಗಲಿ ಅದರಲ್ಲಿ ಇರಲಿಲ್ಲ. ಹೆಚ್ಚಿನ ಪರಿಶೀಲನೆ ಅಗತ್ಯವಿದೆ, ಎಷ್ಟು ಕಾಲ ಹಿಡಿಯುವುದೆಂದು ಹೇಳಲಾಗದು, ದಯವಿಟ್ಟು ವಿಚಾರಿಸಬೇಡಿ ಎಂಬುದಷ್ಟೇ ಅದರ ಸಾರಾಂಶ.

"ಉಸ್ತಾದರೇ, ನಮ್ಮ ಹುಡುಗಿಯ ತಪ್ಪೇನೆಂದು ಇದರಲ್ಲಿ ಬರೆದಿದ್ದಾರೆ?" ಎಂದು ಆ ತಾಯಿ ಕೇಳಿದರು.

"ತಪ್ಪು ಎಂದು ಎಲ್ಲಿಯೂ ಬರೆದಿಲ್ಲ ಉಮ್ಮಾ" ಎಂದೆವು.

"ತಪ್ಪಿಲ್ಲದಿದ್ದರೆ ತಡವೇಕೆ?"

ಈ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ. ಜಗತ್ತಿನ ಎಷ್ಟೋ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಕೇಳಿಬರುತ್ತಿದೆ.

ನ್ಯಾಯದ ಮಾತಾಡುವಾಗ ಎರಡೂ ಬದಿಗಳನ್ನು ತೂಗಬೇಕು. ತನ್ನ ಜನರ ಪ್ರಾಣರಕ್ಷಣೆ ಮಾಡುವುದು ಪ್ರತಿಯೊಂದು ಆಡಳಿತದ ಕರ್ತವ್ಯ. ಒಳಬರುವವರು ಯಾರೆಂದು ವಿಚಾರಿಸುವ ಅಧಿಕಾರ ಅದಕ್ಕಿದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ಮಂದಿ ಪ್ರಾಣ ಕಳೆದುಕೊಂಡರು. ಅವರಿಗೂ ಮನೆಗಳಿದ್ದವು, ಕಾಯುವವರಿದ್ದರು. ನಿರಪರಾಧಿಯಾದ ಒಂದು ಜೀವದ ಹತ್ಯೆಯನ್ನು ಇಡೀ ಮಾನವಕುಲದ ಹತ್ಯೆಗೆ ಸಮಾನವೆಂದು ಸಾರುವ ಧರ್ಮದ ಅನುಯಾಯಿಗಳಾದ ನಾವು ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದುದರಿಂದ ತಪಾಸಣೆ ಇರಬೇಕೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಸಂಶಯವು ಎಲ್ಲಿಂದ ಹುಟ್ಟುತ್ತದೆ, ಎಷ್ಟು ಕಾಲ ಬದುಕುತ್ತದೆ, ಅದಕ್ಕೆ ಉತ್ತರ ಕೊಡುವ ಅವಕಾಶ ಸಂಶಯಿತನಿಗೆ ಇದೆಯೇ ಎಂಬುದು ಚರ್ಚೆ.

ಇದನ್ನು ಅರಿಯಲು ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಡಾ. ಮುಹಮ್ಮದ್ ಹನೀಫ್ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದವರು. ಬ್ರಿಟನ್ನಿನಲ್ಲಿ ಸೇವೆ ಸಲ್ಲಿಸಿ, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಆಸ್ಪತ್ರೆಗೆ ಸೇರಿದರು. 2007ರ ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಅವರ ಪತ್ನಿ ಹೆಣ್ಣುಮಗುವಿಗೆ ಜನ್ಮ ನೀಡಿದರು. ಮಗುವನ್ನು ಕಾಣಲೆಂದು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣಕ್ಕೆ ಬಂದ ಅವರನ್ನು ಪೊಲೀಸರು ಬಂಧಿಸಿದರು.

ಅದಕ್ಕೆ ಎರಡು ದಿನಗಳ ಹಿಂದೆ, ಜೂನ್ 30ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸುವ ದುಷ್ಕೃತ್ಯ ನಡೆದಿತ್ತು. ನಡೆಸಿದ ಇಬ್ಬರಲ್ಲಿ ಒಬ್ಬ ಬೆಂಗಳೂರಿನವನು. ಹನೀಫರಿಗೆ ದೂರದ ಸೋದರಸಂಬಂಧಿ. ಬ್ರಿಟನ್ ಬಿಡುವಾಗ ಹನೀಫರು ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಆತನ ಸಹೋದರನಿಗೆ ಕೊಟ್ಟು ಬಂದಿದ್ದರು. ಉರಿದ ಜೀಪಿನಲ್ಲಿ ಆ ಸಿಮ್ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ಅಲ್ಲಿಂದ ಬಹುದೂರದ ಲಿವರ್‌ಪೂಲ್‌ನಲ್ಲಿ. ಕೈಯಲ್ಲಿದ್ದ ಟಿಕೆಟ್ ಹೋಗುವುದಕ್ಕಷ್ಟೇ ಇತ್ತು, ಮರಳುವುದಕ್ಕೆ ಇರಲಿಲ್ಲ ಎಂಬುದೂ ಸಂಶಯದ ಪಟ್ಟಿಗೆ ಸೇರಿತು. ಆಗತಾನೇ ಹೆತ್ತ ಹೆಂಡತಿಯನ್ನೂ ಮಗುವನ್ನೂ ನೋಡಲು ಓಡುವವನ ಟಿಕೆಟ್ ಹಾಗಿರುವುದರಲ್ಲಿ ಆಶ್ಚರ್ಯವೇನೆಂದು ಮನೆ ಮಕ್ಕಳಿರುವ ಯಾರಿಗೂ ಅರ್ಥವಾದೀತು.

ಆರೋಪವೇ ಇಲ್ಲದೆ ಅವರನ್ನು 12 ದಿನ ಹಿಡಿದಿಟ್ಟರು. ಜುಲೈ 14ರಂದು ಆರೋಪ ಹೊರಿಸಿದರು. ಜುಲೈ 16ರಂದು ಬ್ರಿಸ್ಬೇನ್‌ನ ಮ್ಯಾಜಿಸ್ಟ್ರೇಟರು ಜಾಮೀನು ನೀಡಿದರು. ಅದಾದ ಕೆಲವೇ ಗಂಟೆಗಳಲ್ಲಿ ಅಂದಿನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ಅವರ ವೀಸಾವನ್ನು ರದ್ದುಪಡಿಸಿದರು. ಅಪರಾಧಿಗಳೊಂದಿಗೆ ಸಂಬಂಧವುಳ್ಳವರು ವಲಸೆ ಕಾನೂನಿನ ನಡತೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ನ್ಯಾಯಾಲಯವು ತೆರೆದ ಬಾಗಿಲನ್ನು ವಲಸೆ ಇಲಾಖೆ ಮುಚ್ಚಿತು. ಜಾಮೀನು ದೊರೆತರೂ ಬಿಡುಗಡೆ ದೊರೆಯಲಿಲ್ಲ.

ಜುಲೈ 27ರಂದು ಸಾಕ್ಷ್ಯಾಧಾರವಿಲ್ಲದೆ ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಅದರ ಬೆನ್ನಿಗೇ ಹನೀಫರು ಬೆಂಗಳೂರಿಗೆ ಬಂದು ಮಗುವಿನ ಮುಖವನ್ನು ಮೊದಲ ಬಾರಿಗೆ ಕಂಡರು. ಆಗಸ್ಟ್ 21ರಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ವೀಸಾ ರದ್ದತಿಯನ್ನು ಅನೂರ್ಜಿತಗೊಳಿಸಿದರು. ರಕ್ತಸಂಬಂಧವಾಗಲಿ ನಿರ್ದೋಷವಾದ ಒಡನಾಟವಾಗಲಿ ಕಾನೂನು ಹೇಳುವ 'ಸಂಬಂಧ'ವಾಗದು ಎಂಬುದು ತೀರ್ಪಿನ ತಿರುಳು. ಸಚಿವರ ಅಳತೆಗೋಲನ್ನು ಹಿಡಿದರೆ, ಅಪರಾಧದ ಸಂಶಯಕ್ಕೆ ಒಳಗಾದವರೊಂದಿಗೆ ಒಡನಾಟವಿದ್ದ ತಾವೂ ಆ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುವೆವೆಂದು ಅವರು ವಿಚಾರಣೆಯ ವೇಳೆ ಹೇಳಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೂರ್ಣಪೀಠವೂ ಆ ತೀರ್ಪನ್ನು ಎತ್ತಿಹಿಡಿಯಿತು. 2008ರಲ್ಲಿ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿಯು ಹನೀಫರಿಗೆ ಆ ಕೃತ್ಯದೊಂದಿಗೆ ಯಾವ ನಂಟೂ ಇರಲಿಲ್ಲವೆಂದು ಹೇಳಿತು. 2010ರ ಕೊನೆಯಲ್ಲಿ ಸರಕಾರವು ಪರಿಹಾರ ನೀಡಿತು. ಪರಿಹಾರದ ಮೊತ್ತ ಎಷ್ಟೇ ಇರಲಿ, ಹೆತ್ತ ಕೆಲವೇ ದಿನಗಳಲ್ಲಿ ಗಂಡನ ಬಂಧನದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಬೇಕಾದ ಬಾಣಂತಿಗೆ ಆ ತಿಂಗಳನ್ನು ಮರಳಿಸಿ ಕೊಡುವ ಶಕ್ತಿ ಯಾವ ಖಜಾನೆಗೂ ಇಲ್ಲ.

ಸಂಬಂಧವನ್ನೇ ಅಪರಾಧವೆಂದು ಬಗೆಯುವ ಈ ಪ್ರವೃತ್ತಿ ಹೊಸದಲ್ಲ. ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ಅನ್ನು ಈ ದೃಷ್ಟಿಯಿಂದ ಓದಿ ನೋಡಿ. ಬರಗಾಲದಲ್ಲಿ ಧಾನ್ಯಕ್ಕಾಗಿ ಪರದೇಶಕ್ಕೆ ಹೋಗುವ ಒಂದು ಕುಟುಂಬದ ಕಥೆ ಅದರಲ್ಲಿದೆ. ಪ್ರವಾದಿ ಯಅ್‌ಕೂಬ್(ಅ) ಮಕ್ಕಳನ್ನು ಬೀಳ್ಕೊಡುವಾಗ ಎಲ್ಲರೂ ಒಂದೇ ಬಾಗಿಲಿನಿಂದ ಪ್ರವೇಶಿಸದೆ ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸುವಂತೆ ಹೇಳುತ್ತಾರೆ. ಪರದೇಶದ ಹೆಬ್ಬಾಗಿಲಿನ ಎದುರು ಮಕ್ಕಳು ನಿಲ್ಲುವಾಗ ತಂದೆಯ ಎದೆಯಲ್ಲಿ ಏಳುವ ಅಂಜಿಕೆ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಮುಂದೆ ಮರಳುವ ದಾರಿಯಲ್ಲಿ ಅವರ ಬಿಡಾರವನ್ನು ತಡೆದು ಮೂಟೆಗಳನ್ನು ಬಿಚ್ಚಿ ಶೋಧಿಸಲಾಗುತ್ತದೆ. ಕಿರಿಯವನ ಮೂಟೆಯಲ್ಲಿ ಅರಸನ ಪಾತ್ರೆ ಸಿಗುತ್ತದೆ. ಅದರ ಹಿಂದೆ ಅಲ್ಲಾಹನ ಯೋಜನೆಯಿತ್ತು, ಹುಡುಗ ನಿರಪರಾಧಿ. ಆಗ ಸಹೋದರರ ಬಾಯಿಂದ ಬರುವ ಮಾತೇನು? ಇವನು ಕದ್ದಿದ್ದರೆ ಅಚ್ಚರಿಯಿಲ್ಲ, ಇವನ ಅಣ್ಣನೂ ಹಿಂದೆ ಕದ್ದವನೇ ಎಂಬ ಅರ್ಥದ ಮಾತು. ಅಣ್ಣನ ಮೇಲಿನ ಸುಳ್ಳು ಅಪವಾದವನ್ನೇ ತಮ್ಮನ ಮೇಲಿನ ಸಂಶಯಕ್ಕೆ ಪುರಾವೆಯಾಗಿಸಿದರು. ಅದನ್ನು ಕೇಳುತ್ತ ಎದುರಿಗೆ ಕುಳಿತಿದ್ದ ಅಧಿಕಾರಿ ಆ ಅಣ್ಣನೇ ಆಗಿದ್ದರು. ಪ್ರವಾದಿ ಯೂಸುಫ್(ಅ) ಆ ನೋವನ್ನು ಮನಸ್ಸಿನಲ್ಲೇ ನುಂಗಿಕೊಂಡರು.

ಇವನ ಬದಲಿಗೆ ನಮ್ಮಲ್ಲೊಬ್ಬನನ್ನು ಹಿಡಿದುಕೊಳ್ಳಿ ಎಂದು ಅವರು ಬೇಡಿಕೊಂಡಾಗ ಯೂಸುಫ್(ಅ) ಒಪ್ಪಲಿಲ್ಲ. ವಸ್ತು ಯಾರ ಬಳಿ ಸಿಕ್ಕಿತೋ ಅವನನ್ನಲ್ಲದೆ ಇನ್ನೊಬ್ಬನನ್ನು ಹಿಡಿಯುವುದು ಅಕ್ರಮವೆಂದರು. ಅಧಿಕಾರದಲ್ಲಿರುವವನು ನೆನಪಿಡಬೇಕಾದ ನಿಯಮವಿದು. ಒಬ್ಬನ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಏರಿಸುವಂತಿಲ್ಲವೆಂಬುದು ಕುರ್‌ಆನ್ ಅನೇಕ ಕಡೆ ಸಾರಿರುವ ತತ್ವ. ಇನ್ನು ಮನೆಯಲ್ಲಿ ಕಾಯುತ್ತಿದ್ದ ತಂದೆಯ ಸ್ಥಿತಿಯನ್ನೂ ಅದೇ ಅಧ್ಯಾಯ ಹೇಳುತ್ತದೆ. ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು. ಮಕ್ಕಳ ದಾರಿ ಕಾಯುವ ವೃದ್ಧ ಪಿತನ ಕಣ್ಣಿನ ಸುದ್ದಿಯನ್ನು ಲೋಕಾಂತ್ಯದವರೆಗೆ ಓದಲ್ಪಡುವ ಗ್ರಂಥದಲ್ಲಿ ಅಲ್ಲಾಹನು ದಾಖಲಿಸಿದ್ದಾನೆ. ವೀಸಾ ಕಡತಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ವ್ಯಕ್ತಿಯ ಸಂಬಂಧಗಳನ್ನು ನೋಡಿ ಸಂಶಯಿಸುವುದು ಒಂದು ಬಗೆ. ಇಡೀ ದೇಶದ ಜನರನ್ನು ಒಟ್ಟಾಗಿ ಸಂಶಯಿಸುವುದು ಅದರ ಮುಂದಿನ ಹೆಜ್ಜೆ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2017ರ ಜನವರಿ 27ರಂದು ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ ಮತ್ತು ಯೆಮನ್ ಎಂಬ ಏಳು ದೇಶಗಳ ಪ್ರಜೆಗಳ ಪ್ರವೇಶವನ್ನು 90 ದಿನಗಳ ಮಟ್ಟಿಗೆ ತಡೆದರು. ತಪಾಸಣೆಯ ವ್ಯವಸ್ಥೆಯನ್ನು ಬಿಗಿಗೊಳಿಸಲು ಸಮಯ ಬೇಕೆಂಬುದು ಅವರ ವಾದವಾಗಿತ್ತು. ಆಗ ವಿಮಾನದಲ್ಲಿದ್ದವರು ಇಳಿಯುವ ಹೊತ್ತಿಗೆ ಕಾನೂನೇ ಬದಲಾಗಿತ್ತು. ಮೂರನೆಯ ಬಾರಿಗೆ ಬದಲಾದ ರೂಪದ ಆದೇಶವನ್ನು 2018ರ ಜೂನ್ 26ರಂದು ಅಲ್ಲಿನ ಸುಪ್ರೀಮ್ ಕೋರ್ಟ್ 5-4ರ ಬಹುಮತದಿಂದ ಎತ್ತಿಹಿಡಿಯಿತು.

ಆ ವರ್ಷವೇ ಯೆಮನ್‌ನ ತಾಯಿಯೊಬ್ಬಳ ಕಥೆ ಜಗತ್ತಿಗೆ ತಿಳಿಯಿತು. ಅವಳ ಗಂಡ ಅಮೆರಿಕದ ನಾಗರಿಕ, ಎರಡು ವರ್ಷದ ಮಗನೂ ಅಮೆರಿಕದ ನಾಗರಿಕ. ಮಗುವಿಗೆ ವಾಸಿಯಾಗದ ಮಿದುಳಿನ ಕಾಯಿಲೆ. ಚಿಕಿತ್ಸೆಗಾಗಿ ತಂದೆ ಮಗುವನ್ನು ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ದ. ಯೆಮನ್‌ನ ಪಾಸ್‌ಪೋರ್ಟ್ ಹೊಂದಿದ್ದ ತಾಯಿ ಈಜಿಪ್ಟಿನಲ್ಲೇ ಉಳಿಯಬೇಕಾಯಿತು. ಆದೇಶದಲ್ಲಿ ವಿಶೇಷ ವಿನಾಯಿತಿಗೆ ಅವಕಾಶವಿತ್ತು, ಆದರೆ ಅದು ಅವಳಿಗೆ ದೊರೆಯಲಿಲ್ಲ. ಮಗುವನ್ನು ಕೃತಕ ಉಸಿರಾಟದಲ್ಲಿ ಇಟ್ಟಾಗ ತಂದೆ ಮಾಧ್ಯಮಗಳ ಮುಂದೆ ಅತ್ತ. ಲೋಕವೆಲ್ಲ ಕೂಗೆಬ್ಬಿಸಿದ ಬಳಿಕ ಡಿಸೆಂಬರ್‌ನಲ್ಲಿ ಅನುಮತಿ ಬಂತು. ತಾಯಿ ಹೋಗಿ ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಹತ್ತು ದಿನ ತುಂಬುವ ಮುನ್ನವೇ ಮಗು ತೀರಿಕೊಂಡಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಯುದ್ಧದಲ್ಲಿ ಸೆರೆಸಿಕ್ಕವರ ವಿಷಯದಲ್ಲಿ ಕೂಡ ತಾಯಿಯನ್ನೂ ಮಗುವನ್ನೂ ಬೇರ್ಪಡಿಸುವುದನ್ನು ಪ್ರವಾದಿ(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ಶತ್ರುಪಕ್ಷದ ಸೆರೆಯಾಳಿಗೇ ಈ ಹಕ್ಕಿರುವಾಗ ಯಾವ ಶತ್ರುತ್ವವೂ ಇಲ್ಲದ, ಹುಟ್ಟಿದ ದೇಶವೇ ದೋಷವಾದ ಒಬ್ಬ ತಾಯಿಯ ಹಕ್ಕು ಎಷ್ಟಿರಬೇಕು! ಆ ಆದೇಶವನ್ನು 2021ರ ಜನವರಿ 20ರಂದು ಮುಂದಿನ ಅಧ್ಯಕ್ಷರು ರದ್ದುಗೊಳಿಸಿದರು. 2025ರ ಜೂನ್‌ನಲ್ಲಿ ಮತ್ತೆ 12 ದೇಶಗಳ ಮೇಲೆ ಪೂರ್ಣ ನಿರ್ಬಂಧವೂ ಇನ್ನೂ 7 ದೇಶಗಳ ಮೇಲೆ ಭಾಗಶಃ ನಿರ್ಬಂಧವೂ ಬಂದಿತು. ಯೆಮನ್, ಇರಾನ್, ಸೊಮಾಲಿಯಾ, ಸುಡಾನ್, ಲಿಬಿಯಾ, ಅಫ್ಘಾನಿಸ್ತಾನಗಳ ಜೊತೆಗೆ ಹೈಟಿ, ಮ್ಯಾನ್ಮಾರ್‌ಗಳಂತಹ ದೇಶಗಳೂ ಈ ಪಟ್ಟಿಯಲ್ಲಿವೆ. ಆದುದರಿಂದ ಇದು ಮುಸ್ಲಿಮರೊಬ್ಬರದೇ ನೋವೆಂದು ತಿಳಿಯಬಾರದು. ಹೈಟಿಯ ಕ್ರೈಸ್ತ ತಾಯಿಯ ಕಣ್ಣೀರೂ ಯೆಮನ್‌ನ ತಾಯಿಯ ಕಣ್ಣೀರಿನಷ್ಟೇ ಉಪ್ಪು.

ಇನ್ನು ಹೆಸರಿನ ಸಮಸ್ಯೆ. ಇದನ್ನು ಭಾಷೆ ಕಲಿಸುವವರು ಚೆನ್ನಾಗಿ ಬಲ್ಲರು. ಪ್ರವಾದಿಯವರ(ಸ) ಹೆಸರನ್ನು ಮಗುವಿಗೆ ಇಡುವುದು ನಮಗೆ ಬರ್ಕತ್. ಅರಬಿಯಲ್ಲಿ ಅದಕ್ಕೆ ಒಂದೇ ಬರಹ. ಕನ್ನಡಕ್ಕೆ ಬಂದಾಗ ಮುಹಮ್ಮದ್, ಮಹಮ್ಮದ್, ಮೊಹಮ್ಮದ್ ಎಂದು ಮೂರಾಗುತ್ತದೆ. ರೋಮನ್ ಲಿಪಿಗೆ ಹೋದಾಗ ಅದಕ್ಕೆ ಹತ್ತಾರು ರೂಪಗಳು. ಶಾಲೆಯ ದಾಖಲೆಯಲ್ಲಿ ಗುಮಾಸ್ತರು ಬರೆದದ್ದು ಒಂದು, ಆಧಾರ್‌ನಲ್ಲಿ ಬಂದದ್ದು ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು. ಕೆಲವರಿಗೆ ಮನೆತನದ ಹೆಸರೇ ಇಲ್ಲ, ಇರುವುದು ಒಂಟಿ ಹೆಸರು. 2022ರ ನವೆಂಬರ್‌ನಲ್ಲಿ ಯು.ಎ.ಇ. ಸರಕಾರವು ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರು ಸಂದರ್ಶಕ ವೀಸಾದಲ್ಲಿ ಬರುವಂತಿಲ್ಲವೆಂದಾಗ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಗಡಿಬಿಡಿಯಾದುದು ನೆನಪಿರಬಹುದು. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಬಳಿಕ ಅದು ಸಡಿಲವಾಯಿತು.

ಭದ್ರತಾ ಪಟ್ಟಿಗಳೊಂದಿಗೆ ಹೆಸರುಗಳನ್ನು ಹೋಲಿಸಿ ನೋಡುವುದು ಕಂಪ್ಯೂಟರಿನ ಕೆಲಸ. ಬರಹದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಅದು ಹೋಲುವ ಹೆಸರನ್ನು ಹಿಡಿದು ನಿಲ್ಲಿಸುತ್ತದೆ. ಲಕ್ಷಾಂತರ ಮಂದಿಗೆ ಇರುವ ಹೆಸರನ್ನು ಹೊತ್ತವನು ಯಾರೋ ಅಪರಿಚಿತನ ಕೃತ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೆಲವೊಮ್ಮೆ ತನ್ನನ್ನು ತಡೆದಿದ್ದಾರೆಂಬುದೇ ಅವನಿಗೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 2008ರಿಂದ 'ಕಾರ್ಪ್' ಎಂಬ ಹೆಸರಿನ ಒಂದು ಆಂತರಿಕ ವ್ಯವಸ್ಥೆ ಜಾರಿಯಲ್ಲಿತ್ತು. ಭದ್ರತಾ ಕಾಳಜಿಯ ಗುರುತು ಬಿದ್ದ ಪೌರತ್ವದ ಮತ್ತು ಕಾಯಂ ವಾಸದ ಅರ್ಜಿಗಳನ್ನು ಅದರಡಿ ಪ್ರತ್ಯೇಕವಾಗಿ ಎತ್ತಿಡಲಾಗುತ್ತಿತ್ತು. ಹೀಗೊಂದು ವ್ಯವಸ್ಥೆಯಿದೆಯೆಂದು ಆರಂಭದಲ್ಲಿ ಸಾರ್ವಜನಿಕರಿಗೆ ಹೇಳಿರಲಿಲ್ಲ. ತಮ್ಮ ಅರ್ಜಿ ಅದರಲ್ಲಿ ಸಿಲುಕಿದೆಯೆಂದು ಅರ್ಜಿದಾರರಿಗೂ ತಿಳಿಸುತ್ತಿರಲಿಲ್ಲ. ಏನನ್ನು ಕೇಳುತ್ತಿದ್ದಾರೆಂದೇ ತಿಳಿಯದವನು ಯಾವ ಉತ್ತರವನ್ನು ಕೊಟ್ಟಾನು?

ಮದ್ರಸದ ಸಣ್ಣ ಮಕ್ಕಳಿಗೆ ನಾವು ವುಝೂವಿನ ಪಾಠದಲ್ಲಿ ಒಂದು ನಿಯಮವನ್ನು ಕಲಿಸುತ್ತೇವೆ. ವುಝೂ ಮಾಡಿರುವುದು ಖಚಿತವಿದ್ದು, ಬಳಿಕ ಅದು ಮುರಿಯಿತೋ ಏನೋ ಎಂಬ ಸಂಶಯ ಬಂದರೆ ವುಝೂ ಉಳಿದಿದೆಯೆಂದೇ ಭಾವಿಸಬೇಕು. ಖಚಿತವಾದುದನ್ನು ಸಂಶಯವು ಅಳಿಸಲಾರದು. ಫಿಕ್ಹ್ ವಿದ್ವಾಂಸರು ಇದೇ ತತ್ವವನ್ನು ಮನುಷ್ಯರ ವ್ಯವಹಾರಕ್ಕೂ ವಿಸ್ತರಿಸಿದ್ದಾರೆ. ಆರೋಪ ಸಾಬೀತಾಗುವವರೆಗೆ ಮನುಷ್ಯನು ಹೊಣೆಮುಕ್ತನು. ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಈ ನಿಯಮವನ್ನು ದೊಡ್ಡ ದೊಡ್ಡ ಇಲಾಖೆಗಳು ಮರೆತಾಗ ಸಂಶಯವೇ ಶಿಕ್ಷೆಯಾಗುತ್ತದೆ. ವಿಚಾರಣೆಯಿಲ್ಲದ, ಅವಧಿಯಿಲ್ಲದ ಶಿಕ್ಷೆ.

ಆ ಶಿಕ್ಷೆ ಹೇಗಿರುತ್ತದೆಂಬುದನ್ನು ಮೇಲೆ ಹೇಳಿದ ತಾಯಿಯ ಮನೆಯಲ್ಲಿಯೇ ಕಂಡೆವು. ತಿಂಗಳುಗಳು ಉರುಳಿದವು. ಸೊಸೆ ತವರಿಗೂ ಸಲ್ಲದೆ ಗಂಡನ ಮನೆಗೂ ಸಲ್ಲದೆ ಎರಡೂ ಕಡೆ ಅತಿಥಿಯಂತೆ ದಿನ ದೂಡಿದಳು. ಕಟ್ಟಿಟ್ಟ ಸೂಟ್‌ಕೇಸನ್ನು ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ. ಮಗನು ಊರಿಗೆ ಬಂದು ಹೋಗೋಣವೆಂದರೆ ಅವನ ವೀಸಾಕ್ಕೂ ಹೊಸ ಮುದ್ರೆ ಬೇಕಿತ್ತು. ಬಂದವನು ಇಲ್ಲೇ ಸಿಲುಕಿದರೆ ಕೆಲಸ ಹೋಗುವ ಭಯ. ಹೀಗಿರುವಾಗ ಒಂದು ಫಜ್ರ್‌ನ ವೇಳೆಗೆ ಅವನ ತಂದೆ ಹೃದಯಾಘಾತದಿಂದ ತೀರಿಕೊಂಡರು.

ಮಯ್ಯಿತ್‌ನ ಸ್ನಾನ, ಕಫನ್ ಎಲ್ಲವೂ ನಡೆಯುವಾಗ ಆ ದೂರದ ದೇಶದಲ್ಲಿ ರಾತ್ರಿ. ಮಗ ಫೋನಿನ ಪರದೆಯಲ್ಲಿ ತಂದೆಯ ಮುಖವನ್ನು ನೋಡಿದ. ಖಬರ್‌ಸ್ತಾನದಲ್ಲಿ ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಅಣ್ಣನ ಪಾಲಿನದೆಂದು ಕಿರಿಯ ಮಗ ಮತ್ತೆ ಬಾಗಿ ಇನ್ನೂ ಮೂರು ಹಿಡಿ ಹಾಕಿದ. ತಲ್‌ಕೀನ್ ಮುಗಿಸಿ ಮರಳುವಾಗ ಯಾರೂ ಮಾತಾಡಲಿಲ್ಲ. ಅದಾದ ಕೆಲವೇ ವಾರಗಳಲ್ಲಿ ಸೊಸೆಯ ವೀಸಾ ಬಂತು. ತಡವಾದುದಕ್ಕೆ ಕಾರಣವನ್ನು ಆಗಲೂ ಹೇಳಲಿಲ್ಲ. ಅಷ್ಟು ತಿಂಗಳ ಪರಿಶೀಲನೆಯ ಕೊನೆಗೆ ಅವಳಲ್ಲಿ ಯಾವ ದೋಷವೂ ಕಂಡಿರಲಿಲ್ಲ.

ಕಾಯುವವರಿಗೆ ನಮ್ಮ ಚರಿತ್ರೆಯಲ್ಲಿ ಒಬ್ಬ ಸಂಗಾತಿಯಿದ್ದಾರೆ. ಮುಂದೆ ವಿಶ್ವಾಸಿಗಳ ಮಾತೆಯಾದ ಉಮ್ಮು ಸಲಮಾ(ರ) ಮೊದಲ ಪತಿ ಅಬೂ ಸಲಮಾ(ರ) ಮತ್ತು ಪುಟ್ಟ ಮಗನೊಂದಿಗೆ ಮದೀನಕ್ಕೆ ಹಿಜ್ರತ್ ಹೊರಟಾಗ ಅವರ ತವರಿನವರು ಅಡ್ಡಗಟ್ಟಿ ಅವರನ್ನು ಹಿಡಿದಿಟ್ಟರು. ಗಂಡನ ಗೋತ್ರದವರು ಬಂದು ಮಗುವನ್ನು ಕಿತ್ತುಕೊಂಡು ಹೋದರು. ಗಂಡ ಮದೀನಾದಲ್ಲಿ, ಮಗು ಇನ್ನೊಂದು ಗೋತ್ರದಲ್ಲಿ, ತಾಯಿ ಮಕ್ಕಾದಲ್ಲಿ. ಸುಮಾರು ಒಂದು ವರ್ಷ ಆಕೆ ಪ್ರತಿದಿನವೂ ಹೊರಬಯಲಿಗೆ ಹೋಗಿ ಸಂಜೆಯವರೆಗೆ ಅಳುತ್ತಿದ್ದರು. ಕೊನೆಗೆ ಬಂಧುವೊಬ್ಬರಿಗೆ ಕನಿಕರ ಹುಟ್ಟಿ ಬಿಡುಗಡೆಯಾಯಿತು. ಮಗುವೂ ಮಡಿಲಿಗೆ ಬಂತು.

ಒಂಟಿಯಾಗಿ ಮದೀನಕ್ಕೆ ಹೊರಟ ಆಕೆಯನ್ನು ದಾರಿಯಲ್ಲಿ ಕಂಡವರು ಉಸ್ಮಾನ್ ಬಿನ್ ತಲ್ಹಾ. ಅವರು ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆದರೂ ಒಂಟೆಯ ಮೂಗುದಾರ ಹಿಡಿದು ಅಷ್ಟು ದೂರವೂ ನಡೆದರು. ತಂಗುವಲ್ಲಿ ಒಂಟೆಯನ್ನು ಕೂರಿಸಿ, ಆಕೆ ಇಳಿಯಲೆಂದು ತಾವು ದೂರ ಸರಿಯುತ್ತಿದ್ದರು. ಗಂಡನಿದ್ದ ಕುಬಾದ ಬಳಿ ಬಿಟ್ಟು ಹಾಗೆಯೇ ಮರಳಿದರು. ಅವರಷ್ಟು ಸಜ್ಜನ ಜೊತೆಗಾರರನ್ನು ಕಂಡಿಲ್ಲವೆಂದು ಉಮ್ಮು ಸಲಮಾ(ರ) ನಂತರವೂ ನೆನೆಯುತ್ತಿದ್ದರು.

ಈ ಘಟನೆಯಲ್ಲಿ ಮರೆಯಬಾರದ ಪಾಠವಿದೆ. ಹನೀಫರ ಪ್ರಕರಣದಲ್ಲಿ ಅವರ ಪರ ನಿಂತ ವಕೀಲರಾದ ಪೀಟರ್ ರುಸ್ಸೊ ಮತ್ತು ಸ್ಟೀಫನ್ ಕೀಮ್ ಮುಸ್ಲಿಮರಾಗಿರಲಿಲ್ಲ. ಪೊಲೀಸ್ ವಿಚಾರಣೆಯ ಲಿಖಿತ ದಾಖಲೆಯನ್ನು ಪತ್ರಿಕೆಗೆ ಕೊಟ್ಟು ಸತ್ಯವನ್ನು ಜನರ ಮುಂದಿಟ್ಟವರು ಕೀಮ್. ಅದಕ್ಕಾಗಿ ಅವರು ದೊಡ್ಡವರ ಕೋಪವನ್ನೂ ಎದುರಿಸಿದರು. ಸಚಿವರ ಆದೇಶವನ್ನು ತಳ್ಳಿಹಾಕಿದ್ದು ಅದೇ ದೇಶದ ನ್ಯಾಯಾಲಯ. 2017ರ ಪ್ರವೇಶ ನಿರ್ಬಂಧ ಬಂದಾಗ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ನೆಲದ ಮೇಲೆ ಕುಳಿತು ಅಪರಿಚಿತ ಪ್ರಯಾಣಿಕರಿಗಾಗಿ ಅರ್ಜಿ ಬರೆದುಕೊಟ್ಟ ನೂರಾರು ವಕೀಲರಲ್ಲಿ ಎಲ್ಲ ಧರ್ಮದವರೂ ಇದ್ದರು. ಒಂದು ಇಲಾಖೆಯ ಅನ್ಯಾಯಕ್ಕಾಗಿ ಒಂದಿಡೀ ಜನಾಂಗವನ್ನು ದ್ವೇಷಿಸಿದರೆ, ನಾವು ಯಾವುದನ್ನು ಅನ್ಯಾಯವೆನ್ನುತ್ತೇವೋ ಅದನ್ನೇ ನಾವೂ ಮಾಡಿದಂತೆ. ಯಾವುದೇ ಜನರ ಮೇಲಿನ ಕೋಪವು ನಮ್ಮನ್ನು ನ್ಯಾಯದ ದಾರಿ ತಪ್ಪಿಸಬಾರದೆಂದು ಕುರ್‌ಆನ್ ಕಲಿಸುತ್ತದೆ. ನಮ್ಮ ಯುವಕರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಇನ್ನೊಂದು ಮಾತನ್ನು ಮನೆಯೊಳಗಿನವರಿಗೇ ಹೇಳಬೇಕು. ಪರದೇಶದ ಅಧಿಕಾರಿ ಒಬ್ಬನನ್ನು ತಡೆದನೆಂದರೆ ಊರಿನ ಕಟ್ಟೆಯಲ್ಲೂ ವಾಟ್ಸಾಪ್ ಗುಂಪಿನಲ್ಲೂ ಎರಡನೆಯ ತಪಾಸಣೆ ಶುರುವಾಗುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದು ಒಬ್ಬರು, ಹುಡುಗ ಅಲ್ಲಿ ಏನು ಮಾಡಿಕೊಂಡಿದ್ದನೋ ಎಂದು ಇನ್ನೊಬ್ಬರು. ಆ ಮನೆಯ ಹೆಣ್ಣುಮಕ್ಕಳ ಸಂಬಂಧಗಳು ತಪ್ಪುತ್ತವೆ. ಮದುವೆಯ ಕರೆಯೋಲೆಗಳು ಕಡಿಮೆಯಾಗುತ್ತವೆ. ಗುಮಾನಿಯಿಂದ ದೂರವಿರಿ, ಪರರ ಗುಟ್ಟು ಕೆದಕಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ ಎಂಬ ಮೂರು ಆಜ್ಞೆಗಳನ್ನು ಸೂರಃ ಅಲ್‌ಹುಜುರಾತ್ ಒಟ್ಟಿಗೇ ಹೇಳಿರುವುದು ಸುಮ್ಮನೆಯಲ್ಲ. ಒಂದರಿಂದ ಇನ್ನೊಂದು ಹುಟ್ಟುತ್ತದೆ. ವೀಸಾ ಕಚೇರಿಯಿಂದ ನಾವು ಬಯಸುವ ನ್ಯಾಯವನ್ನು ನೆರೆಮನೆಯವನಿಗೆ ಕೊಡಲು ನಮಗೆ ಯಾರ ಅನುಮತಿಯೂ ಬೇಕಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮಗು ಹುಟ್ಟಿದ ದಿನದಿಂದಲೇ ಹೆಸರಿನ ಬರಹವನ್ನು ಒಂದೇ ರೀತಿಯಲ್ಲಿ ಇಟ್ಟುಕೊಳ್ಳಿ. ಜನನ ಪತ್ರ, ಶಾಲಾ ದಾಖಲೆ, ನಿಕಾಹ್ ರಿಜಿಸ್ಟರ್, ಪಾಸ್‌ಪೋರ್ಟ್‌ಗಳಲ್ಲಿ ಒಂದಕ್ಷರವೂ ಬೇರೆಯಾಗದಿರಲಿ. ಜಮಾಅತ್‌ಗಳ ಕಾರ್ಯದರ್ಶಿಗಳು ನಿಕಾಹ್ ರಿಜಿಸ್ಟರ್ ಬರೆಯುವಾಗ ಪಾಸ್‌ಪೋರ್ಟನ್ನು ತರಿಸಿಕೊಂಡು ನೋಡುವುದು ಒಳಿತು. ನಿಮ್ಮ ಹೆಸರಿನ ಸಿಮ್ ಕಾರ್ಡನ್ನು, ಬ್ಯಾಂಕ್ ಖಾತೆಯನ್ನು ಬಂಧುಗಳಿಗೂ ಬಳಸಲು ಕೊಡಬೇಡಿ. ಅರ್ಜಿಯಲ್ಲಿ ಕೇಳಿದುದಕ್ಕೆ ಸತ್ಯವನ್ನೇ ಬರೆಯಿರಿ. ಏಜೆಂಟರ ಮಾತು ಕೇಳಿ ಸಣ್ಣ ಸುಳ್ಳನ್ನೂ ಸೇರಿಸಬೇಡಿ. ತಡವಾದರೆ ಕಾನೂನು ಬಲ್ಲವರನ್ನು ಕಾಣಿರಿ. ಹಕ್ಕನ್ನು ಕೇಳುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಇನ್ನು ಕಾಯುತ್ತಿರುವ ಮನೆಗಳನ್ನು ಒಂಟಿಯಾಗಿ ಬಿಡಬೇಡಿ. ಅವರಲ್ಲಿಗೆ ಹೋದಾಗ ವೀಸಾ ಏನಾಯಿತೆಂದು ದಿನವೂ ಕೇಳದೆ ಊಟವಾಯಿತೇ ಎಂದು ಕೇಳಿರಿ. ಈದ್‌ನ ದಿನ ಮೊದಲು ಆ ಬಾಗಿಲನ್ನು ತಟ್ಟಿರಿ. ಮಗ ದೂರವಿರುವ ವೃದ್ಧರ ಆಸ್ಪತ್ರೆಯ ಓಡಾಟಕ್ಕೆ ಜಮಾಅತ್‌ನ ಯುವಕರು ಸರದಿಯಂತೆ ನಿಲ್ಲಲಿ. ಪ್ರಯಾಣಿಕನ ಮನೆಯನ್ನು ನೋಡಿಕೊಳ್ಳುವುದೂ ಪ್ರಯಾಣಿಕನ ಸೇವೆಯೇ.

ಮೂವರ ಪ್ರಾರ್ಥನೆ ತಿರಸ್ಕೃತವಾಗದೆಂದು ಪ್ರವಾದಿ(ಸ) ತಿಳಿಸಿದ್ದಾರೆ: ಮರ್ದಿತನದು, ಪ್ರಯಾಣಿಕನದು, ಮಕ್ಕಳಿಗಾಗಿ ಹೆತ್ತವರದು. ಕಾರಣ ಹೇಳದೆ ತಡೆಯಲ್ಪಟ್ಟ ಒಬ್ಬನ ಮನೆಯಲ್ಲಿ ಈ ಮೂರೂ ಪ್ರಾರ್ಥನೆಗಳು ಒಂದೇ ರಾತ್ರಿ ಮೇಲೇರುತ್ತವೆ. ಅಧಿಕಾರದಲ್ಲಿರುವವರು ಅದಕ್ಕೆ ಅಂಜಬೇಕು. ಕಾಯುವವರು ಅದರಲ್ಲಿ ಭರವಸೆಯಿಡಬೇಕು. ಯೂಸುಫ್‌ರನ್ನು(ಅ) ಯಅ್‌ಕೂಬ್‌ರ(ಅ) ಬಳಿಗೂ ಉಮ್ಮು ಸಲಮಾರನ್ನು(ರ) ಅವರ ಪತಿಯ ಬಳಿಗೂ ಸೇರಿಸಿದ ಅಲ್ಲಾಹನು ಅಗಲಿರುವ ಎಲ್ಲ ಕುಟುಂಬಗಳನ್ನು ಒಂದುಗೂಡಿಸಲಿ. ತಪಾಸಣೆಯ ಅಧಿಕಾರವುಳ್ಳವರಿಗೆ ನ್ಯಾಯದ ಮನಸ್ಸನ್ನೂ ಕಾಯುವವರಿಗೆ ಸಬ್ರನ್ನೂ ನಮ್ಮೆಲ್ಲರಿಗೆ ಒಳ್ಳೆಯ ಗುಮಾನಿಯನ್ನೂ ದಯಪಾಲಿಸಲಿ. ಆಮೀನ್.